ಹುಣಸೆಮರದ ನಾಟಕ

ಹೋದ ವರ್ಷ ದಸರೆಯ ರಜೆಯಲ್ಲಿ ಹೈದರಾಬಾದಿನ ನಾವು ಐದಾರು ಕನ್ನಡ ಮನೆಗಳವರು ಬುತ್ತಿ ಕಟ್ಟಿಕೊಂಡು ಗೋಲ್ಕೊಂಡದ ಕೋಟೆಗೆ ಹೋಗಿದ್ದೆವು. ಹಿರಿಯರು ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚುವಷ್ಟರಲ್ಲಿ ನೆರೆಮನೆಯ ಹುಡುಗ ಮೊಳೆಯಿಂದ ಗೋಡೆಯ ಮೇಲೆ ತನ್ನ ಹೆಸರು ಕೆತ್ತಿ ಮುಗಿಸಿದ್ದ. ನಾನು ಗದರಿಸಿದೆ. "ಇದೇನು ನಮ್ಮೂರೇನ್ರಿ, ಕಾಕು?" ಎಂದುಬಿಟ್ಟ!

ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ. ಆದರೂ ತಪ್ಪು ಅವನೊಬ್ಬನದಲ್ಲ. 'ನಮ್ಮೂರು' ಎಂದರೆ ಕಲಬುರ್ಗಿ, ಬೀದರ, ಧಾರವಾಡ ಎಂದೇ ನಾವು ಮನೆಯಲ್ಲಿ ಹೇಳುತ್ತ ಬಂದಿದ್ದೇವಲ್ಲವೆ?

ಆ ಸಲ ರಾಜ್ಯೋತ್ಸವಕ್ಕೆ ಮಕ್ಕಳಿಂದ ನಾಟಕ ಆಡಿಸುವ ಸರದಿ ನನ್ನದಾಗಿತ್ತು. ಅಫ್ಜಲ್‌ಗಂಜಿನ ಹುಣಸೆಮರದ ಕಥೆಯನ್ನು ಆರಿಸಿದೆ. "ವೈನಿ, ನಮ್ಮ ಚೆನ್ನಮ್ಮನ ಕತಿ ಬಿಟ್ಟು ಈ ಊರಿನ ಗಿಡದ ಕತಿ ಯಾಕ್ರಿ?" ಎಂದು ಗೆಳತಿಯರು ಕೇಳಿದರು. ನಾಟಕ ನೋಡಿ ಆಮೇಲೆ ಹೇಳಿರೆಂದೆ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು ಸಾವಿರಾರು ಜನ ಸತ್ತರು. ಆ ದಿನ ಈ ಮರವನ್ನೇರಿ ಸುಮಾರು 150 ಜನ ಜೀವ ಉಳಿಸಿಕೊಂಡರೆಂದು ಹೇಳುತ್ತಾರೆ. ಮರ ಈಗ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಪ್ರವಾಹದ ತರುವಾಯ ನಿಜಾಮ ಸರ್ಕಾರ ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ನದಿಯ ಮೇಲ್ಭಾಗದಲ್ಲಿ ನೀರು ತಡೆಯಬೇಕೆಂದು ಅವರು ಸಲಹೆಯಿತ್ತರು. ಅದರಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು.

ಮೊದಲು ಮಕ್ಕಳನ್ನು ಮರದ ಬಳಿಗೆ ಕರೆದೊಯ್ದು ತೋರಿಸಿದೆ. ಆಮೇಲೆ ಮಾತುಗಳನ್ನು ಅವರೇ ಕಟ್ಟಿದರು. ಎರಡು ನೀಲಿ ಸೀರೆ ಬೀಸಿದರೆ ಹೊಳೆಯಾಯಿತು. ಮರದ ಪಾತ್ರ ಆ ಮೊಳೆಯ ಹುಡುಗನಿಗೇ! ತೋಳು ಚಾಚಿ ಅವನು ನಿಲ್ಲಬೇಕು, ಉಳಿದವರು ಜೋತುಬೀಳಬೇಕು. ಮೂರನೆಯ ತಾಲೀಮಿಗೆ, "ಕಾಕು, ಕೈ ಸೋತವು. ಆ ಗಿಡ ಅಷ್ಟು ಮಂದೀನ್ನ ಹೆಂಗ ಹೊತ್ತಿತು?" ಎಂದು ಕೇಳಿದ. ನೂರು ಸಲ ಬೈದಿದ್ದರೂ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಬೇರೆ ಊರಿನ ತಾಯಂದಿರೂ ಇದನ್ನು ಮಾಡಿ ನೋಡಬಹುದು. ಮುಂಬಯಿಯವರಿಗೆ ಕಾನ್ಹೇರಿ ಗುಹೆಗಳಿವೆ. ಅಲ್ಲಿ ನಮ್ಮ ಅಮೋಘವರ್ಷನ ಕಾಲದ ಶಾಸನಗಳೂ ಇವೆ. ಪುಣೆಯವರಿಗೆ ಪರ್ವತಿ ಬೆಟ್ಟವಿದೆ. ದೊಡ್ಡ ರಂಗಸಜ್ಜಿಕೆ ಬೇಡ. ಸ್ಥಳವನ್ನು ಮಕ್ಕಳು ಕಣ್ಣಾರೆ ಕಾಣಲಿ, ಕಲ್ಲು, ಮರ, ಹೊಳೆಗಳ ಪಾತ್ರವನ್ನು ಅವರೇ ವಹಿಸಲಿ.

ಸಂಕ್ರಾಂತಿಯ ಮರುದಿನ ಮತ್ತೆ ಗೋಲ್ಕೊಂಡಕ್ಕೆ ಹೋದೆವು. ಹುಡುಗ ತನ್ನ ಹೆಸರನ್ನು ಹುಡುಕಿ, ಕರವಸ್ತ್ರ ಒದ್ದೆ ಮಾಡಿ ಬಹಳ ಹೊತ್ತು ಉಜ್ಜಿದ. ಅದು ಅಳಿಯಲಿಲ್ಲ. "ನಮ್ಮ ಕೋಟೇನ ನಾನೇ ಕೆಡಿಸಿಬಿಟ್ಟೆ, ಕಾಕು" ಎಂದ. ಅವನ ಬಾಯಲ್ಲಿ 'ನಮ್ಮ' ಎಂಬ ಆ ಮಾತು ಕೇಳಿ ನಾನು ಗದರಿಸದೆ ಸುಮ್ಮನಾದೆ.