ನೀರು ಕುಡಿದವನು ಉಪ್ಪನ್ನೂ ತಿನ್ನಬೇಕು

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬುದು ಕನ್ನಡನಾಡಿನ ಮನೆಮನೆಯ ಮಾತು. ಮಾಡಿದ ಕರ್ಮದ ಫಲವನ್ನು ಉಣ್ಣದೆ ಗತ್ಯಂತರವಿಲ್ಲವೆಂಬ ನೀತಿಯನ್ನು ಹೇಳಲು ಹಿರಿಯರು ಅದನ್ನು ಬಳಸುತ್ತ ಬಂದಿದ್ದಾರೆ. ಆದರೆ ಅಕ್ಕಿ, ಜೋಳ, ಗೋಧಿ, ಸಕ್ಕರೆಗಳನ್ನು ತ್ಯಜಿಸಿ ಕೊಬ್ಬನ್ನೇ ಮುಖ್ಯ ಆಹಾರವನ್ನಾಗಿ ಮಾಡಿಕೊಂಡವರು ಈ ಗಾದೆಯನ್ನು ತಿರುಗಿಸಿ ಓದಿಕೊಳ್ಳಬೇಕಾಗಿದೆ. ಅವರ ಪಾಲಿಗೆ, ನೀರು ಕುಡಿದವನು ಉಪ್ಪನ್ನೂ ತಿನ್ನಬೇಕು.

ಈ ಪಥ್ಯಕ್ಕೆ ಜನ 'ಕೀಟೋ' ಎನ್ನುವರು. ಹೆಸರು ಹೊಸದಾಗಿ ಕೇಳಿಸಿದರೂ ಪದ್ಧತಿ ಹಳೆಯದೇ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯ ರಸೆಲ್ ವೈಲ್ಡರ್ ಅಪಸ್ಮಾರದ ರೋಗಿಗಳಿಗಾಗಿ ಇದನ್ನು ಸೂಚಿಸಿದರು. ದಿನವೊಂದಕ್ಕೆ ಶರ್ಕರಪಿಷ್ಟವನ್ನು 20ರಿಂದ 50 ಗ್ರಾಂಗಳಿಗೆ ಇಳಿಸಿದರೆ, ಯಕೃತ್ತು ಕೊಬ್ಬಿನಿಂದ 'ಕೀಟೋನ್' ಎಂಬ ವಸ್ತುಗಳನ್ನು ತಯಾರಿಸಿ ದೇಹಕ್ಕೆ ಉರುವಲಾಗಿ ಒದಗಿಸುತ್ತದೆ. ಈಗ ಮೈತೂಕ ಇಳಿಸಲೆಂದೂ ರಕ್ತದ ಸಕ್ಕರೆಯನ್ನು ತಗ್ಗಿಸಲೆಂದೂ ಅನೇಕರು ಈ ದಾರಿ ಹಿಡಿದಿದ್ದಾರೆ.

ದಾವಣಗೆರೆಯಂಥ ಊರಿನಲ್ಲಿ ಈ ವ್ರತ ಸುಲಭದ್ದಲ್ಲ. ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ, ಬೆಳಗಾದರೆ ಬೆಣ್ಣೆ ದೋಸೆ. ಇವೆರಡೂ ಇಲ್ಲದ ಊರನ್ನು ದಾವಣಗೆರೆಯೆನ್ನುವುದೇ ಕಷ್ಟ. ದೋಸೆಯನ್ನು ಬಿಟ್ಟು ಬೆಣ್ಣೆಯನ್ನು ಮಾತ್ರ ತಿನ್ನೆನ್ನುವ ಪಥ್ಯವನ್ನು ಕೇಳಿ ನಗದವರು ಯಾರು? ಆದರೂ ಹಟ ಹಿಡಿದು ನಡೆಸುವವರುಂಟು. ಆನೆಕೊಂಡದ ಹಳೆಯ ಈಶ್ವರ ದೇವಾಲಯದ ಆಸುಪಾಸಿನಲ್ಲಿ ಅಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರಿಗೆ ಐವತ್ತರ ಹತ್ತಿರದ ವಯಸ್ಸು. ರಕ್ತದೊತ್ತಡಕ್ಕೆ ದಿನವೂ ಒಂದು ಗುಳಿಗೆ. ಅನ್ನ ರೊಟ್ಟಿಗಳನ್ನು ಬಿಟ್ಟು ಒಂದು ವಾರದಲ್ಲಿ ಮೂರು ಕಿಲೋ ಇಳಿದರೆಂದು ಮನೆಯವರಿಗೆಲ್ಲ ಸಂತೋಷ. ಎಂಟನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದವರು ಕಣ್ಣು ಕತ್ತಲಿಟ್ಟು ಗೋಡೆ ಹಿಡಿದುಕೊಂಡರು. ತಲೆನೋವು, ಸುಸ್ತು, ರಾತ್ರಿಯೆಲ್ಲ ಮೀನಖಂಡದ ಸೆಳೆತ. "ಉಪ್ಪು ಬಿಟ್ಟ ಮೇಲೆ ಮೈಯಲ್ಲಿ ಕಸುವು ಎಲ್ಲಿಂದ ಬರಬೇಕೋ ಮಗನೆ?" ಎಂದರು ಅವರ ತಾಯಿ. ಮಗ ತಾನು ಉಪ್ಪು ಬಿಟ್ಟಿಲ್ಲವೆಂದೇ ವಾದಿಸಿದರು. ಆದರೆ ಮುದುಕಿಯ ಮಾತಿನಲ್ಲಿ ಹುರುಳಿತ್ತು.

ಕಾರಣವನ್ನು ಮೂತ್ರಪಿಂಡದಲ್ಲಿ ಹುಡುಕಬೇಕು. ಪಿಷ್ಟಪದಾರ್ಥ ತಿಂದಾಗ ರಕ್ತದಲ್ಲಿ ಇನ್ಸುಲಿನ್ ಏರುವುದು. ಅದು ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುವುದಲ್ಲದೆ, ಸೋಡಿಯಂ ಅನ್ನು ಹಿಡಿದಿಡುವಂತೆ ಮೂತ್ರಪಿಂಡಕ್ಕೆ ಪ್ರೇರಣೆ ಕೊಡುವುದು. ಪಿಷ್ಟ ನಿಂತಾಗ ಇನ್ಸುಲಿನ್ ಇಳಿಯುತ್ತದೆ, ಹಿಡಿತ ಸಡಿಲುತ್ತದೆ, ಸೋಡಿಯಂ ಮೂತ್ರದೊಡನೆ ಹರಿದುಹೋಗುತ್ತದೆ. ಹೋಗುವಾಗ ನೀರನ್ನೂ ಕರೆದೊಯ್ಯುತ್ತದೆ. ಇದಲ್ಲದೆ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟದ ಪ್ರತಿ ಗ್ರಾಮಿಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಆ ದಾಸ್ತಾನು ಕರಗಿದಾಗ ನೀರಿಗೂ ಬಿಡುಗಡೆ. ಮೊದಲ ವಾರದ ಮೂರು ಕಿಲೋ ಎಂಬುದರಲ್ಲಿ ಹೆಚ್ಚಿನ ಪಾಲು ಕೊಬ್ಬಲ್ಲ, ನೀರು. ಹೋದ ನೀರನ್ನು ತುಂಬಲೆಂದು ತಂಬಿಗೆಗಟ್ಟಲೆ ಬರಿಯ ನೀರು ಕುಡಿದರೆ ಉಳಿದ ಸೋಡಿಯಂ ಇನ್ನಷ್ಟು ತೆಳುವಾಗುವುದೇ ಹೊರತು ನಿತ್ರಾಣ ನೀಗದು. ಸೋಡಿಯಂ ಕಡಿಮೆಯಾದಾಗ ಅದನ್ನು ಉಳಿಸಿಕೊಳ್ಳುವ ಯತ್ನದಲ್ಲಿ ದೇಹವು ಪೊಟ್ಯಾಸಿಯಂ ಅನ್ನೂ ಕಳೆದುಕೊಳ್ಳುತ್ತದೆ; ನಿತ್ರಾಣ ಮತ್ತು ಸೆಳೆತಗಳು ಹೆಚ್ಚಲು ಇದೂ ಒಂದು ಕಾರಣ.

ಇನ್ನೊಂದು ಕಾರಣ ಅಡಿಗೆಮನೆಯಲ್ಲೇ ಇದೆ. ನಮ್ಮವರು ಉಪ್ಪನ್ನು ಬರಿದೇ ತಿನ್ನುವುದಿಲ್ಲ. ಅನ್ನದ ಮೇಲೆ ಬಡಿಸಿದ ಸಾರಿನಲ್ಲಿ, ರೊಟ್ಟಿಯ ಜೊತೆಗಿನ ಪಲ್ಯ ಚಟ್ನಿಪುಡಿಗಳಲ್ಲಿ, ಹಪ್ಪಳ ಸಂಡಿಗೆಗಳಲ್ಲಿ ತಿನ್ನುತ್ತಾರೆ. ಮಂಡಕ್ಕಿಗೂ ಭಟ್ಟಿಯಲ್ಲಿ ಅರಳುವ ಮುಂಚೆಯೇ ಅಕ್ಕಿಗೆ ಉಪ್ಪು ಸೇರಿರುತ್ತದೆ. ಅನ್ನ ಹೋದರೆ ಸಾರು ಹೋಯಿತು. ರೊಟ್ಟಿ ಹೋದರೆ ಚಟ್ನಿಪುಡಿ ಹೋಯಿತು. ಅವುಗಳ ಸ್ಥಾನಕ್ಕೆ ಬಂದ ಮನೆಯ ಬೆಣ್ಣೆ, ತುಪ್ಪ, ತೆಂಗಿನಕಾಯಿ, ಪನೀರು, ಬಾದಾಮಿಗಳಲ್ಲಿ ಉಪ್ಪು ಇಲ್ಲವೆನ್ನುವಷ್ಟು ಅಲ್ಪ. ಪಶ್ಚಿಮದವರು ಇದೇ ಪಥ್ಯದಲ್ಲಿ ಉಪ್ಪು ಹಾಕಿಟ್ಟ ಮಾಂಸ, ಚೀಸುಗಳನ್ನು ತಿನ್ನುವುದರಿಂದ ಅವರಿಗೆ ಅಷ್ಟಾದರೂ ದೊರೆಯುತ್ತದೆ. ನಮ್ಮ ಸಸ್ಯಾಹಾರಿಗೆ ಆ ದಾರಿಯೂ ಇಲ್ಲ. ಹೀಗೆ ಉಪ್ಪನ್ನು ಬಿಡಬೇಕೆಂದು ಯಾರೂ ಸಂಕಲ್ಪಿಸದೆ ಉಪ್ಪು ತಾನಾಗಿ ಮನೆ ಬಿಟ್ಟಿರುತ್ತದೆ.

ಹಾಗಾದರೆ ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಎಂದರೆ ಸುಮಾರು ಒಂದು ಚಹಾ ಚಮಚದಷ್ಟು, ಸಾಕೆನ್ನುತ್ತದೆ. ಅದರಲ್ಲಿ ಸುಮಾರು 2,000 ಮಿಲಿಗ್ರಾಂ ಸೋಡಿಯಂ ಇರುವುದು. ಈ ಮಾತು ಸಾಮಾನ್ಯ ಊಟ ಮಾಡುವ ಜನಸಮುದಾಯಕ್ಕೆ ಹೇಳಿದ್ದು. ಕೀಟೋ ಪಥ್ಯವನ್ನು ದೀರ್ಘಕಾಲ ಅಭ್ಯಸಿಸಿದ ಅಮೆರಿಕದ ಸ್ಟೀಫನ್ ಫಿನ್ನಿ ಮತ್ತು ಜೆಫ್ ವೋಲೆಕ್ ಅವರು, ರಕ್ತದೊತ್ತಡವಾಗಲಿ ಮೂತ್ರಪಿಂಡದ ರೋಗವಾಗಲಿ ಇಲ್ಲದವರು ಊಟದಲ್ಲಿರುವ ಉಪ್ಪಲ್ಲದೆ ಇನ್ನೂ 1ರಿಂದ 2 ಗ್ರಾಂ ಸೋಡಿಯಂ ಅನ್ನು ಸಾರಿನ ರೂಪದಲ್ಲಿ ಸೇವಿಸುವುದು ಒಳ್ಳೆಯದೆಂದು ಹೇಳಿದ್ದಾರೆ. ಉಪ್ಪಿನ ಲೆಕ್ಕದಲ್ಲಿ ಇದು ಅರ್ಧ ಚಮಚದಿಂದ ಒಂದು ಚಮಚ. ಇದು ಆ ತಜ್ಞರ ಸಲಹೆಯೇ ಹೊರತು ಎಲ್ಲರಿಗೂ ಒಪ್ಪುವ ಶಾಸನವಲ್ಲವೆಂಬುದನ್ನು ಮರೆಯಬಾರದು.

ಅದಕ್ಕಾಗಿ ಅಂಗಡಿಯ ಪುಡಿಗಳನ್ನು ಅರಸಬೇಕಾಗಿಲ್ಲ. ಬೇಳೆಯಿಲ್ಲದ ಮೆಣಸು ಜೀರಿಗೆಯ ತಿಳಿಸಾರನ್ನು ಉಪ್ಪು ಹಾಕಿ ಕಾಸಿ ಒಂದು ಲೋಟ ಕುಡಿಯಬಹುದು. ಚೆನ್ನಾಗಿ ಕಡೆದು ನೀರು ಬೆರೆಸಿದ ಮಜ್ಜಿಗೆಗೆ ಇಂಗು, ಕರಿಬೇವು, ಉಪ್ಪು ಸೇರಿಸಿದರೆ ದಾವಣಗೆರೆಯ ಬೇಸಿಗೆಗೂ ಅದು ಹಿತ; ಮೊಸರಿನಲ್ಲಿ ಸ್ವಲ್ಪ ಸಕ್ಕರೆಯ ಅಂಶವಿರುವುದರಿಂದ ಅಳತೆ ಮೀರದಿದ್ದರೆ ಸಾಕು. ಸಕ್ಕರೆಯಿಲ್ಲದ ನಿಂಬೆಹಣ್ಣಿನ ಪಾನಕ, ಬೆಲ್ಲ ಬೆರೆಸದ ನೆಲ್ಲಿಕಾಯಿ ಉಪ್ಪಿನಕಾಯಿಗಳೂ ಸಲ್ಲುವುವು. ಮಾಂಸಾಹಾರಿಗಳ ಮನೆಯಲ್ಲಿ ಕಾಲು ಸೂಪು ಇದ್ದೇ ಇದೆ. ಪೊಟ್ಯಾಸಿಯಂ ಸಲುವಾಗಿ ಸೊಪ್ಪುಗಳ ಪಲ್ಯವನ್ನು ಬಿಡಬಾರದು.

ಉಪ್ಪಿನ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಸೈಂಧವ ಲವಣ, ಗುಲಾಬಿ ಬಣ್ಣದ ಉಪ್ಪು ಇವು ಹೆಚ್ಚು ಶ್ರೇಷ್ಠವೆಂಬ ನಂಬಿಕೆ ಹರಡಿದೆ. ಅವುಗಳಲ್ಲಿಯೂ ಮುಖ್ಯವಾಗಿರುವುದು ಅದೇ ಸೋಡಿಯಂ ಕ್ಲೋರೈಡು; ಅಯೋಡೀನು ಮಾತ್ರ ಸಾಮಾನ್ಯವಾಗಿ ಬೆರೆತಿರುವುದಿಲ್ಲ. ಗಳಗಂಡವನ್ನು ತಡೆಯುವ ಅಯೋಡೀನನ್ನು ದಿನದ ಉಪ್ಪಿನಿಂದಲೇ ಪಡೆಯುವುದು ಕ್ಷೇಮ. 'ಸೋಡಿಯಂ ಕಡಿಮೆ' ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡು ಸೇರಿರುವುದರಿಂದ ಮೂತ್ರಪಿಂಡದ ರೋಗಿಗಳಿಗೂ, ಕೆಲವು ಬಗೆಯ ರಕ್ತದೊತ್ತಡದ ಗುಳಿಗೆ ನುಂಗುವವರಿಗೂ ಅದು ಅಪಾಯ ತರಬಲ್ಲುದು. ಭೇದಿಯಲ್ಲಿ ಕೊಡುವ ಓ.ಆರ್.ಎಸ್. ದ್ರಾವಣದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರುವುದು; ಅದು ನಿತ್ಯದ ಪಾನೀಯವಲ್ಲ. ಆದರೆ ವಾಂತಿಭೇದಿಯಾದಾಗ ಪಥ್ಯದ ನೆಪದಿಂದ ಅದನ್ನು ನಿರಾಕರಿಸುವುದು ಅವಿವೇಕ.

ಇನ್ನು ಆನೆಕೊಂಡದ ಆ ಯಜಮಾನರ ಗತಿಯೇನು? ತಾಯಿಯ ಮಾತು ನಿಜವೆಂದು ಅವರು ಚಮಚದಿಂದ ಉಪ್ಪು ಸುರಿದುಕೊಳ್ಳಬಹುದೆ? ಕೂಡದು. ಪಥ್ಯದಿಂದ ನೀರು, ಸೋಡಿಯಂಗಳು ಇಳಿದಾಗ ರಕ್ತದೊತ್ತಡವೂ ಇಳಿಯುವುದು. ಹಳೆಯ ಪ್ರಮಾಣದ ಗುಳಿಗೆ ಅದನ್ನು ಇನ್ನೂ ಕೆಳಗೆ ತಳ್ಳುವುದು. ಎದ್ದು ನಿಂತಾಗ ಕಣ್ಣು ಕತ್ತಲಿಡುವುದು ಇದರ ಕುರುಹಾಗಿರಬಹುದು. ಅವರಿಗೆ ಬೇಕಾದದ್ದು ಉಪ್ಪೋ, ಗುಳಿಗೆಯ ಇಳಿತವೋ ಎಂಬುದನ್ನು ಒತ್ತಡವನ್ನು ಅಳೆದು ವೈದ್ಯರೇ ನಿರ್ಧರಿಸಬೇಕು; ಗುಳಿಗೆಯನ್ನು ತಾವಾಗಿ ನಿಲ್ಲಿಸುವುದೂ ಸರಿಯಲ್ಲ. ಹೃದಯ ದುರ್ಬಲವಾಗಿರುವವರು, ಮೂತ್ರಪಿಂಡದ ರೋಗಿಗಳು, ಗರ್ಭಿಣಿಯರು, ಇನ್ಸುಲಿನ್ ಅಥವಾ ಮಧುಮೇಹದ ಗುಳಿಗೆ ತೆಗೆದುಕೊಳ್ಳುವವರು ವೈದ್ಯರ ಒಪ್ಪಿಗೆಯಿಲ್ಲದೆ ಈ ಪಥ್ಯಕ್ಕೆ ಕೈ ಹಾಕಲೇಬಾರದು. ಬುದ್ಧಿ ಮಂಕಾಗುವುದು, ನಿಲ್ಲದ ವಾಂತಿ, ಏದುಸಿರು, ಎದೆಬಡಿತ ತಪ್ಪುವುದು ಇವು ಕಂಡಲ್ಲಿ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಪಥ್ಯ ಮಾಡುವವನು ಒಬ್ಬನಾದರೂ ಅದರ ಭಾರ ಬೀಳುವುದು ಮನೆಯವರೆಲ್ಲರ ಮೇಲೆ. ಒಂದೇ ಒಲೆಯ ಮುಂದೆ ಎರಡು ಬಗೆಯ ಅಡಿಗೆ ಮಾಡುವ ಗೃಹಿಣಿಗೆ ತಟ್ಟೆಯಿಂದ ಏನು ಹೋಯಿತೆಂಬುದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ವೈದ್ಯರ ಬಳಿಗೆ ಹೋಗುವಾಗ ಯಜಮಾನರು ತೂಕದ ಚೀಟಿಯೊಡನೆ ಆಕೆಯನ್ನೂ ಕರೆದುಕೊಂಡು ಹೋಗುವುದು ಲೇಸು. ಎಷ್ಟು ಕಿಲೋ ಇಳಿಯಿತೆಂಬುದನ್ನು ಅವರು ಹೇಳಲಿ. ಉಪ್ಪಿನ ಲೆಕ್ಕವನ್ನು ಆಕೆ ಹೇಳುವಳು.