ನಾರಿನ ಪುಡಿ ಮಣ್ಣಿಗೆ ನೆರವಾಗಲಿ, ಬದಲಿಯಾಗದಿರಲಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಎರೆಭೂಮಿಯ ಸೀಮೆ. ತೊಗರಿ, ಜೋಳಗಳನ್ನು ಸಾಕುವ ಅಲ್ಲಿನ ಕಪ್ಪು ಮಣ್ಣು ಹೊಲದಲ್ಲಿ ತೇವವನ್ನು ಹಿಡಿದಿಟ್ಟು ಹಿಂಗಾರು ಬೆಳೆಯನ್ನು ಕಾಯುತ್ತದೆ. ಅದೇ ಮಣ್ಣನ್ನು ಕುಂಡಕ್ಕೆ ತುಂಬಿದರೆ ಗುಣವೇ ದೋಷವಾಗುತ್ತದೆ. ನೀರುಂಡಾಗ ಉಬ್ಬಿ, ಬೇರಿಗೆ ಗಾಳಿಯಾಡದಂತೆ ಮೆತ್ತಿಕೊಳ್ಳುತ್ತದೆ. ಒಣಗಿದಾಗ ಕುಗ್ಗಿ ಕುಂಡದ ಅಂಚನ್ನು ಬಿಡುತ್ತದೆ. ಆಮೇಲೆ ಹೊಯ್ದ ನೀರು ಬೇರನ್ನು ಮುಟ್ಟದೆ ಆ ಸಂದಿನಿಂದಲೇ ಹರಿದುಹೋಗುತ್ತದೆ. ಅಲ್ಲಿ ಮಾಳಿಗೆಯ ಮೇಲೆ ಗಿಡ ಸಾಕುವವರಿಗೆ ಕೋಕೋಪೀಟ್ ಎಂದು ಪೇಟೆಯಲ್ಲಿ ಮಾರುವ ತೆಂಗಿನ ನಾರಿನ ಪುಡಿಯೂ ಬಾಟಲಿಯ ದ್ರವ ಪೋಷಕಾಂಶವೂ ಸುಲಭ ಪರಿಹಾರವಾಗಿ ತೋರುವುದು ಸಹಜ.

ಈ ಪುಡಿಯ ಉಪಕಾರವನ್ನು ಅಲ್ಲಗಳೆಯಬೇಕಾಗಿಲ್ಲ. ತಿಪಟೂರು, ಅರಸೀಕೆರೆಗಳಂಥ ತೆಂಗಿನ ಸೀಮೆಯಲ್ಲಿ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಕಸವಿದು. ಬಯಲಲ್ಲಿ ರಾಶಿ ಬಿದ್ದರೆ ಮಳೆಗಾಲದಲ್ಲಿ ಅದರ ಕಂದು ರಸ ಹಳ್ಳಕೊಳ್ಳಗಳನ್ನು ಸೇರುತ್ತದೆ. ಕುಂಡದಲ್ಲಾದರೆ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದು, ಬೇರಿಗೆ ಗಾಳಿಯನ್ನೂ ಬಿಡುತ್ತದೆ. ಕುಂಡಗಳಿಗಾಗಿ ಕಾಡಿನ ಮೇಲ್ಮಣ್ಣನ್ನೂ ತರಗೆಲೆಯನ್ನೂ ಬಾಚಿ ಒಯ್ಯುವ ಬದಲು ಈ ಕಸ ಬಳಕೆಯಾದರೆ ಮಲೆನಾಡಿಗೂ ಒಳಿತೇ.

ಮಣ್ಣಿಲ್ಲದೆ ಗಿಡ ಬೆಳೆಸುವುದು ಹೊಸತೇನಲ್ಲ. 1860ರ ದಶಕದಲ್ಲಿಯೇ ಜರ್ಮನಿಯ ವಿಜ್ಞಾನಿಗಳಾದ ಸಾಕ್ಸ್ ಮತ್ತು ಕ್ನಾಪ್ ಲವಣ ಕರಗಿಸಿದ ನೀರಿನಲ್ಲಿ ಗಿಡ ಬೆಳೆಸಿ ತೋರಿಸಿದ್ದರು. ಆದರೆ ಮಣ್ಣನ್ನು ಬಿಟ್ಟವನು ಮಣ್ಣಿನ ಕೆಲಸವನ್ನೆಲ್ಲ ತಾನೇ ಹೊರಬೇಕಾಗುತ್ತದೆ. ನಾರಿನ ಪುಡಿ ನೀರಿನ ಪಾತ್ರೆಯೇ ಹೊರತು ಅನ್ನದ ಕಣಜವಲ್ಲ. ಅದರಲ್ಲಿ ಸಾರಜನಕ ಅತ್ಯಲ್ಪ. ಸರಿಯಾಗಿ ತೊಳೆಯದ ಪುಡಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳಿದ್ದು, ಗಿಡಕ್ಕೆ ಸಲ್ಲಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಅದು ತಾನೇ ಹಿಡಿದುಕೊಳ್ಳುತ್ತದೆ. ಇದರ ಮೇಲೆ ಬಯಲುಸೀಮೆಯ ಗಡಸು ಬೋರ್‌ವೆಲ್ ನೀರು, 40 ಡಿಗ್ರಿ ಮೀರುವ ಬೇಸಿಗೆ. ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಎಲೆಯಂಚು ಸುಟ್ಟಂತೆ ಒಣಗುತ್ತದೆ. ಗಿಡಕ್ಕೆ ಹಸಿವಾಗಿದೆಯೆಂದು ಬಗೆದು ಇನ್ನಷ್ಟು ದ್ರವ ಸುರಿದರೆ ಕೇಡು ಹೆಚ್ಚುತ್ತದೆ.

ಆದುದರಿಂದ ಪುಡಿಯನ್ನು ಸಿಹಿನೀರಿನಲ್ಲಿ ಎರಡು ಮೂರು ಬಾರಿ ನೆನೆಸಿ ಬಸಿಯುವುದು, ಸಾಧ್ಯವಾದಲ್ಲಿ ಮಳೆನೀರನ್ನೇ ಬಳಸುವುದು, ಚೀಟಿಯಲ್ಲಿ ಹೇಳಿದ ಅಳತೆಯ ಅರ್ಧದಿಂದ ಪೋಷಕಾಂಶವನ್ನು ಆರಂಭಿಸುವುದು, ಆಗಾಗ ಬರಿಯ ನೀರು ಹಾಯಿಸಿ ಉಪ್ಪನ್ನು ತೊಳೆಯುವುದು ಅವಶ್ಯ. ಬಸಿದ ನೀರನ್ನು ಬಾವಿಯ ಬಳಿಗೆ ಬಿಡಕೂಡದು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ವಿಧಿಸಿರುವ ನೈಟ್ರೇಟ್ ಅದರಲ್ಲಿರುತ್ತದೆ. ಮರದ ಬುಡವೋ ಹುಲ್ಲಿನ ಪಾತಿಯೋ ಅದಕ್ಕೆ ತಕ್ಕ ತಾಣ. ದ್ರವ ಪೋಷಕಾಂಶದ ಬದಲಿಗೆ ಜೀವಾಮೃತ ಸುರಿದರೆ ಸಾಕೆಂಬ ಎಣಿಕೆಯೂ ಸರಿಯಲ್ಲ. ಅದು ಮಣ್ಣಿನ ಜೀವಾಣುಗಳನ್ನು ನೆಚ್ಚಿದ ವಿಧಾನ; ಬರಿಯ ನಾರಿನ ಪುಡಿಯಲ್ಲಿ ಗಿಡದ ಪೂರ್ಣ ಆಹಾರವಾಗಲಾರದು.

ಇಷ್ಟೆಲ್ಲ ಜಾಗರೂಕತೆಗಿಂತ ಸರಳವಾದ ದಾರಿಯೊಂದುಂಟು. ಎರೆಮಣ್ಣು, ತೊಳೆದ ನಾರಿನ ಪುಡಿ, ಚೆನ್ನಾಗಿ ಕಳಿತ ಗೊಬ್ಬರ ಇವನ್ನು ಸಮಪಾಲಿನಲ್ಲಿ ಬೆರೆಸಿದರೆ, ಮಣ್ಣಿನ ಬಿಗಿ ಸಡಿಲುತ್ತದೆ, ಪುಡಿಯ ಬಡತನ ನೀಗುತ್ತದೆ. ಗೊಬ್ಬರಕ್ಕೆ ಕಬ್ಬಿನ ರವದಿ, ತೊಗರಿ ಹೊಟ್ಟು, ಜೋಳದ ದಂಟು ಆ ಸೀಮೆಯಲ್ಲೇ ಇವೆ. ಮಲೆನಾಡಿನಲ್ಲಿ ಅಡಿಕೆ ಸಿಪ್ಪೆ, ತೋಟದ ಸೊಪ್ಪು ಇವೆ.

ಶಾಲೆಯ ಮಕ್ಕಳು ಇದನ್ನು ನಂಬಬೇಕಾಗಿಲ್ಲ, ಪರೀಕ್ಷಿಸಬಹುದು. ಬರಿಯ ಮಣ್ಣು, ದ್ರವ ಪೋಷಕಾಂಶದೊಡನೆ ಬರಿಯ ಪುಡಿ, ಮೂರರ ಮಿಶ್ರಣ ಹೀಗೆ ಮೂರು ಕುಂಡಗಳಲ್ಲಿ ಟೊಮೆಟೊ ನೆಟ್ಟು, ಹೊಯ್ದ ನೀರು, ಬಸಿದ ನೀರು, ತಗುಲಿದ ವೆಚ್ಚ ಮೂರನ್ನೂ ಬರೆದಿಡಲಿ. ಫಲವನ್ನಷ್ಟೇ ಎಣಿಸದೆ ಅದರ ಬೆಲೆಯನ್ನೂ ಎಣಿಸಲು ಕಲಿತ ತಲೆಮಾರಿಗೆ ಬಾಟಲಿಯ ಚೀಟಿ ಮೋಸ ಮಾಡಲಾರದು.