ರಾಗಿ ಎತ್ತುವ ಕ್ರೇನೊಂದು ಶಾಲೆಗೆ ಬೇಕು

ರಸ್ತೆ ಬದಿಯಲ್ಲಿ ಜೆಸಿಬಿ ಮಣ್ಣು ಬಗೆಯುತ್ತಿದ್ದರೆ ನಿಂತು ನೋಡದೆ ಮುಂದೆ ಹೋಗುವ ಮಕ್ಕಳು ಕಡಿಮೆ. ದೊಡ್ಡವರೂ ಕಡಿಮೆಯೇ. ಕನಕಪುರದ ಕಲ್ಲುಕ್ವಾರಿಗಳಿಂದ ಹಿಡಿದು ಬಿಡದಿಯ ಕಾರ್ಖಾನೆಗಳವರೆಗೆ ರಾಮನಗರ ಸೀಮೆಯಲ್ಲಿ ಭಾರ ಎತ್ತುವ, ಇಳಿಸುವ ಯಂತ್ರಗಳಿಗೆ ಕೊರತೆಯಿಲ್ಲ. (ಜಿಲ್ಲೆಗೆ ಈಗ ಬೆಂಗಳೂರು ದಕ್ಷಿಣ ಎಂಬ ಹೆಸರು, ಯಂತ್ರಗಳಿಗೆ ಅದರಿಂದ ಏನೂ ಆಗಿಲ್ಲ.) ಇದೇ ಜಿಲ್ಲೆಯ ಚನ್ನಪಟ್ಟಣ ಆಟಿಕೆಗೆ ಹೆಸರಾದ ಊರು. ಆದರೆ ಅಲ್ಲಿನ ಆಟಿಕೆ ತಳ್ಳಿದರೆ ಉರುಳುತ್ತದೆ, ಎಳೆದರೆ ಹಿಂದೆ ಬರುತ್ತದೆ, ಒಂದರ ಮೇಲೊಂದು ಪೇರಿಸಿದರೆ ನಿಲ್ಲುತ್ತದೆ, ಬಹುಮಟ್ಟಿಗೆ ಅಷ್ಟೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಕ್ಕಳು ರಿಮೋಟ್‌ನಿಂದ ನಡೆಸುವ ಮಾದರಿ ಕ್ರೇನೊಂದನ್ನು ತಾವೇ ಕಟ್ಟಬೇಕು, ಅದರ ಬಕೆಟ್ಟು ನಿಜವಾಗಿಯೂ ರಾಗಿ ಬಾಚಿ, ಎತ್ತಿ, ಇನ್ನೊಂದು ಕಡೆ ಸುರಿಯಬೇಕು, ಅದರ ಮರದ ಭಾಗಗಳು ಚನ್ನಪಟ್ಟಣದ ಲೇತಿನಲ್ಲಿ ತಯಾರಾಗಬೇಕು ಎಂಬುದು ನನ್ನ ವಾದ.

ಕ್ರೇನೇ ಯಾಕೆ, ರೋಬೋ ಯಾಕಲ್ಲ ಎಂದು ಕೇಳಬಹುದು. ಕ್ರೇನನ್ನು ಬಿಚ್ಚಿ ನೋಡಿದರೆ ಅದರಲ್ಲಿ ಉದ್ದನೆಯ ತೋಳೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ದುಂಡು: ಹಗ್ಗ ಸುತ್ತುವ ಡ್ರಮ್ಮು, ರಾಟೆ, ಅಚ್ಚು, ಗಾಲಿ, ಇಡೀ ಮೈ ತಿರುಗುವ ತಟ್ಟೆ, ಆ ತಟ್ಟೆಯಡಿಯ ಉರುಳೆಗಳು. ದುಂಡಗಿರುವುದನ್ನು ಕಡೆಯುವುದೇ ಚನ್ನಪಟ್ಟಣದ ಕಸುಬು. ಹಾಲೆ ಮರದ ತುಂಡನ್ನು ಲೇತಿಗೆ ಕೊಟ್ಟು ಉಳಿ ಹಿಡಿದು ಆಕಾರಕ್ಕೆ ತಂದು, ತಿರುಗುವ ಮರದ ಬಿಸಿಗೇ ಅರಗಿನ ಬಣ್ಣ ಕರಗಿಸಿ ಹಚ್ಚಿ, ತಾಳೆಗರಿಯಲ್ಲಿ ಒತ್ತಿ ಹೊಳಪು ತರುವ ಕೈಗೆ ಒಂದೇ ಅಳತೆಯ ಹತ್ತು ರಾಟೆ ಕಡೆಯುವುದು ದೊಡ್ಡ ಮಾತಲ್ಲ. ಇನ್ನು ಡ್ರಮ್ಮಿನ ಮೇಲೆ ಹಗ್ಗ ಒಂದೇ ಕಡೆ ಗುಡ್ಡೆ ಬೀಳದೆ ಸಾಲಾಗಿ ಕೂರಬೇಕು. ಆ ಕಷ್ಟವನ್ನು ರಾಮನಗರದ ರೇಷ್ಮೆ ರೀಲರ್‌ಗಳು ಎಂದೋ ಬಗೆಹರಿಸಿಕೊಂಡಿದ್ದಾರೆ: ನೂಲು ಸುತ್ತುವಾಗ ಎಳೆಯನ್ನು ಅತ್ತಿತ್ತ ಸರಿಸುತ್ತಲೇ ಇರುವ ಕಡ್ಡಿಯನ್ನು ಯಾವ ಬಿಚ್ಚಾಣಿಕೆ ಮನೆಯಲ್ಲಾದರೂ ನೋಡಬಹುದು. ಬೇಕಾದ ವಿದ್ಯೆ ಹತ್ತಾರು ಮೈಲಿಯೊಳಗೆ ಚದುರಿಕೊಂಡಿದೆ, ಶಾಲೆಯ ಅಂಗಳಕ್ಕೆ ಮಾತ್ರ ಬಂದಿಲ್ಲ.

ಬಕೆಟ್ಟಿನ ವಿಷಯಕ್ಕೆ ಬಂದರೆ ಕಥೆ ಇನ್ನೂ ಹಳೆಯದು. ಚಿಪ್ಪಿನಂತೆ ಬಾಯಿ ತೆರೆದು ಮುಚ್ಚುವ ಬಕೆಟ್ಟಿಗೆ ಎರಡು ಹಗ್ಗ ಬೇಕು. ಒಂದು ಅದನ್ನು ಹಿಡಿದು ತೂಗುತ್ತದೆ, ಇನ್ನೊಂದು ಬಾಯಿ ಮುಚ್ಚುತ್ತದೆ. ಎತ್ತುವಾಗ ಎರಡೂ ಸಮನಾಗಿ ಮೇಲೇರಬೇಕು; ಮುಚ್ಚುವ ಹಗ್ಗ ತುಸು ಸಡಿಲವಾದರೂ ಕಾಳು ದಾರಿಯಲ್ಲೇ ಸೋರುತ್ತದೆ. ಸುರಿಯಬೇಕಾದಾಗ ತೂಗುವ ಹಗ್ಗವನ್ನು ಬಿಗಿಹಿಡಿದು ಮುಚ್ಚುವ ಹಗ್ಗವನ್ನು ಬಿಟ್ಟರೆ ಸಾಕು. ಹಳೇ ಮೈಸೂರಿನ ಕಪಿಲೆ ಬಾವಿಯನ್ನು ಬಲ್ಲವರಿಗೆ ಇದು ಹೊಸದೆನಿಸದು. ಅಲ್ಲಿನ ತೊಗಲ ಚೀಲಕ್ಕೂ ಎರಡು ಹಗ್ಗ: ದಪ್ಪನೆಯದು ಭಾರ ಎಳೆಯಲು, ಸಣ್ಣದು ಚೀಲದ ಸೊಂಡಿಲನ್ನು ಹಿಡಿಯಲು. ಎತ್ತು ಇಳಿಜಾರಿನಲ್ಲಿ ನಡೆದಂತೆ ಚೀಲ ಮೇಲೆ ಬರುತ್ತಿತ್ತು, ಸಣ್ಣ ಹಗ್ಗ ಸೊಂಡಿಲನ್ನು ತೊಟ್ಟಿಯ ಕಡೆಗೆ ಎಳೆದುಕೊಳ್ಳುತ್ತಿತ್ತು, ಯಾರೂ ಮುಟ್ಟದೆ ನೀರು ಸುರಿಯುತ್ತಿತ್ತು. ನೀರೆತ್ತುವ ಇನ್ನೊಂದು ಸಾಧನ ಏತದಲ್ಲಿ ತೊಲೆಯ ಮೇಲೆ ಹಿಂದೆ ಮುಂದೆ ನಡೆಯುವ ಮನುಷ್ಯನೇ ಎದುರು ಭಾರ. ಪಂಪ್‌ಸೆಟ್ ಬಂದ ಮೇಲೆ ಎರಡೂ ಹೋದವು, ಹೋಗಬೇಕಾದ್ದೇ. ಅವುಗಳ ಜೊತೆಗೆ ಅವುಗಳಲ್ಲಿದ್ದ ಲೆಕ್ಕವೂ ಕಣ್ಣಿಂದ ಮರೆಯಾಯಿತು. ಕ್ರೇನಿನಲ್ಲಿ ಅದು ಮರಳಿ ಕಾಣುತ್ತದೆ: ಅರ್ಧ ಕಿಲೋ ತೂಗುವ ತುಂಬಿದ ಬಕೆಟ್ಟು ತಿರುಗುವ ನಡುವಿನಿಂದ 80 ಸೆಂಟಿಮೀಟರ್ ದೂರದಲ್ಲಿದ್ದರೆ, ಹಿಂದೆ 20 ಸೆಂಟಿಮೀಟರ್ ದೂರದಲ್ಲಿ 2 ಕಿಲೋ ಇಟ್ಟರೆ ತಕ್ಕಡಿ ಸಮ. ತೋಳನ್ನು ಒಂದು ಮೀಟರಿಗೆ ಚಾಚಿದರೆ ಎರಡೂವರೆ ಕಿಲೋ ಬೇಕು. ಪುಸ್ತಕದಲ್ಲಿ ಇದು ಒಂದು ಸೂತ್ರ, ಉರುಳಿಬಿದ್ದ ಕ್ರೇನಿನ ಮುಂದೆ ಇದು ಉತ್ತರ.

ಮಾದರಿ ಎಂದರೆ ದೊಡ್ಡದರ ಸಲೀಸಾದ ರೂಪ ಎಂದುಕೊಳ್ಳುವವರು ಬಹಳ. ಹದಿನಾಲ್ಕರಲ್ಲಿ ಒಂದು ಪ್ರಮಾಣದಲ್ಲಿ ಕ್ರೇನು ಕಟ್ಟಿದರೆ ಅಳತೆ ಹದಿನಾಲ್ಕು ಪಾಲು ಇಳಿಯುತ್ತದೆ, ಆದರೆ ಗಾತ್ರ ಇಳಿಯುವುದು 2744 ಪಾಲು. ಒಂದು ಘನ ಮೀಟರ್ ಹಿಡಿಯುವ ಬಕೆಟ್ಟು ಮಾದರಿಯಲ್ಲಿ ಸುಮಾರು 364 ಮಿಲಿಲೀಟರ್ ಹಿಡಿಯುತ್ತದೆ, ರಾಗಿಯಾದರೆ ಕಾಲು ಕಿಲೋ ದಾಟುವಷ್ಟು. ಹಾಗಾಗಿ ಹಾಲೆ ಮರದ ಹಗುರ ಮೈ ಈ ಭಾರವನ್ನು ತಾಳಿಕೊಳ್ಳುತ್ತದೆ. ನಡೆಸುವುದು ಮಾತ್ರ ಸಲೀಸಲ್ಲ. ಹಗ್ಗಕ್ಕೆ ತೂಗುಬಿದ್ದ ಭಾರ ಒಂದು ಲೋಲಕ. ನಿಜವಾದ ಕ್ರೇನಿನಲ್ಲಿ 14 ಮೀಟರ್ ಹಗ್ಗ ಬಿಟ್ಟರೆ ಭಾರ ಒಮ್ಮೆ ಅತ್ತ ಹೋಗಿ ಇತ್ತ ಬರಲು ಏಳೂವರೆ ಸೆಕೆಂಡು ಹಿಡಿಯುತ್ತದೆ. ಮಾದರಿಯ ಒಂದು ಮೀಟರ್ ಹಗ್ಗದಲ್ಲಿ ಎರಡೇ ಸೆಕೆಂಡು. ಅನುಭವಿ ಆಪರೇಟರು ಭಾರ ಬೀಸಿದ ಕಡೆಗೇ ತೋಳನ್ನು ಕೊಂಡೊಯ್ದು, ಅದು ತುದಿ ಮುಟ್ಟುವ ಗಳಿಗೆಯಲ್ಲಿ ಸರಿಯಾಗಿ ಅದರ ಮೇಲೆ ತೋಳನ್ನು ನಿಲ್ಲಿಸಿ ತೂಗಾಟವನ್ನು ಅಡಗಿಸುತ್ತಾನೆ. ಅದೇ ಕೆಲಸಕ್ಕೆ ಮಾದರಿ ನಡೆಸುವ ಹುಡುಗಿಗೆ ಸಿಗುವುದು ಅವನಿಗಿರುವ ಹೊತ್ತಿನ ಕಾಲು ಪಾಲಿಗಿಂತ ತುಸು ಹೆಚ್ಚು. ಈ ಒಂದು ವಿಷಯದಲ್ಲಿ ಆಟಿಕೆ ನಿಜಕ್ಕಿಂತ ಕಠಿಣ. ತೋಳು, ತಿರುಗು, ಎತ್ತು, ಮುಚ್ಚು ಎಂಬ ನಾಲ್ಕು ಚಲನೆಗಳನ್ನು ಎರಡು ಹೆಬ್ಬೆರಳಿನಲ್ಲಿ ಒಟ್ಟಿಗೆ ನಡೆಸುವುದು ಕಂಪ್ಯೂಟರ್ ಪರದೆಯ ಮುಂದೆ ಕೂತರೆ ಬರುವುದಿಲ್ಲ, ಏಕೆಂದರೆ ಪರದೆಯಲ್ಲಿ ಹಗ್ಗ ಜೋಲುವುದಿಲ್ಲ, ಅಚ್ಚು ಬಿಗಿಯುವುದಿಲ್ಲ, ಬ್ಯಾಟರಿ ಇಳಿದು ಒಂದು ಮೋಟಾರು ಹಿಂದೆ ಬೀಳುವುದಿಲ್ಲ.

ಶಾಲೆಗಳಿಗೆ ಈಗಾಗಲೇ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯಲ್ಲ ಎನ್ನಬಹುದು. 2016ರಿಂದ ನಡೆಯುತ್ತಿರುವ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಕೊಡುವ ಒಳ್ಳೆಯ ಯೋಜನೆ ಅದು. ಆದರೆ ಪೆಟ್ಟಿಗೆಯಲ್ಲಿ ಬಂದ ಕಿಟ್ಟನ್ನು ಚಿತ್ರ ನೋಡಿ ಜೋಡಿಸಿದರೆ ಜೋಡಣೆ ಬರುತ್ತದೆ, ಯಾವ ತುಂಡು ಎಷ್ಟು ದಪ್ಪವಿರಬೇಕೆಂದು ತೀರ್ಮಾನಿಸುವುದು ಬರುವುದಿಲ್ಲ. ಕಿಟ್ಟುಗಳ ಅಜ್ಜ ಎನ್ನಬಹುದಾದ ಮೆಕ್ಯಾನೋ ಹುಟ್ಟಿದ ಬಗೆಯೇ ಇದಕ್ಕೆ ಸಾಕ್ಷಿ. ಲಿವರ್‌ಪೂಲಿನ ಗುಮಾಸ್ತ ಫ್ರ್ಯಾಂಕ್ ಹಾರ್ನ್‌ಬಿ ತನ್ನ ಮಕ್ಕಳಿಗಾಗಿ ತಗಡು ಕತ್ತರಿಸಿ ಸೇತುವೆ, ಕ್ರೇನು ಮಾಡುತ್ತಾ ಮಾಡುತ್ತಾ ತೂತು ಕೊರೆದ ಒಂದೇ ಬಗೆಯ ಪಟ್ಟಿಗಳನ್ನು ಕಂಡುಕೊಂಡು 1901ರಲ್ಲಿ ಪೇಟೆಂಟ್ ಪಡೆದ. ಕಿಟ್ಟಿನ ಕಲ್ಪನೆ ಮೂಡಿದ್ದು ಕಿಟ್ಟಿಲ್ಲದೆ ಕ್ರೇನು ಕಟ್ಟಿದವನ ತಲೆಯಲ್ಲಿ. ನಮ್ಮ ಲ್ಯಾಬುಗಳ ಖರ್ಚಿನಲ್ಲಿ ಒಂದು ಪಾಲು ಹಾಲೆ ಮರಕ್ಕೂ ಅದನ್ನು ಕಡೆದುಕೊಡುವವರ ಕೂಲಿಗೂ ಹೋದರೆ ದುಂದೇನಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಊರಿನ ಕುಶಲಕರ್ಮಿಗಳ ಬಳಿ ಕಲಿಯಲಿ ಎಂದಿತು. ನೀತಿಯ ಬಗ್ಗೆ ರಾಜ್ಯಕ್ಕೆ ತಕರಾರಿರಬಹುದು, ಆ ಹತ್ತು ದಿನಗಳ ಬಗ್ಗೆ ಯಾರಿಗೆ ತಕರಾರು?

ಗಟ್ಟಿಯಾದ ಆಕ್ಷೇಪ ಬೇರೆ ಕಡೆಯಿಂದ ಬರುತ್ತದೆ. ಭೌಗೋಳಿಕ ಸೂಚಕದ (ಜಿಐ) ಗೌರವ ಪಡೆದ ಕಲೆಗೆ ಮೋಟಾರು ಕಟ್ಟುವುದು ಅಪಚಾರವಲ್ಲವೇ ಎಂಬುದು ಒಂದು. ಚನ್ನಪಟ್ಟಣದ ಇತಿಹಾಸ ಹಾಗೆ ಹೇಳುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದಿಂದ ಬಂದವರ ಕಸುಬೆಂದು ಅದನ್ನು ನೆನೆಯುತ್ತಾರೆ. ಜಪಾನಿನ ಆಟಿಕೆ ತಯಾರಿಕೆಯನ್ನು ಕಂಡು ಬಂದು ಇಲ್ಲಿಯವರಿಗೆ ಹೊಸ ವಿಧಾನ ಕಲಿಸಿದ ಬಾವಾಸ್ ಮಿಯಾನ್ ಅವರನ್ನು ಈ ಕಸುಬಿನ ಪಿತಾಮಹ ಎನ್ನುತ್ತಾರೆ. ಕೈಯಿಂದ ತಿರುಗಿಸುತ್ತಿದ್ದ ಲೇತಿಗೆ ವಿದ್ಯುತ್ ಬಂತು. ಪ್ರತಿ ಸಲವೂ ಹೊರಗಿನದು ಬಂದು ಒಳಗಿನದಾಯಿತು. ಇನ್ನೊಂದು ಆಕ್ಷೇಪವನ್ನು ಒಪ್ಪಬೇಕು: ಮೋಟಾರು, ರೇಡಿಯೊ ಬಿಲ್ಲೆ, ಬ್ಯಾಟರಿ ಬಹುಪಾಲು ಆಮದಿನವು. ಸಿದ್ಧ ಆಟಿಕೆಯ ಮೇಲಿನ ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿಸಿದ್ದರಿಂದ ನಾವು ಮೋಟಾರು ಮಾಡುವುದನ್ನು ಕಲಿತೆವು ಎಂದಾಗುವುದಿಲ್ಲ. ಹಾಲೆ ಮರ ಮೃದು, ಸಣ್ಣ ಹಲ್ಲುಚಕ್ರಕ್ಕೆ ಆಗದು. ಅಚ್ಚು ಕೂರುವ ತೂತಿಗೆ ಹಿತ್ತಾಳೆ ಕೊಳವೆ ಹಾಕದಿದ್ದರೆ ಮಳೆಗಾಲದಲ್ಲಿ ಮರ ಉಬ್ಬಿ ಹಿಡಿದುಕೊಳ್ಳುತ್ತದೆ. ಮೋಟಾರು ನಿಂತಾಗ ಭಾರ ತಾನಾಗಿ ಕೆಳಗಿಳಿಯದಂತೆ ತಡೆಯಲು ಲೋಹದ ವರ್ಮ್ ಗೇರನ್ನೇ ಕೊಳ್ಳಬೇಕು. ಕೊಳ್ಳೋಣ. ಎಲ್ಲವನ್ನೂ ಮರದಲ್ಲೇ ಮಾಡುತ್ತೇವೆಂಬ ಹಟ ಹೆಮ್ಮೆಗಷ್ಟೇ ಸರಿ. ಮಾರಾಟದ ಮಾತು ಬಂದಾಗ ಮಾತ್ರ ಎಚ್ಚರ ಬೇಕು. 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್ ಗುಣಮಟ್ಟದ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳಿಗೂ ಜಿಐ ಉತ್ಪನ್ನಗಳಿಗೂ ವಿನಾಯಿತಿ ಇದೆ. ಬಣ್ಣದ ಗೊಂಬೆಗೆ ಸಿಕ್ಕ ಆ ವಿನಾಯಿತಿಯ ನೆರಳಿನಲ್ಲಿ ಬ್ಯಾಟರಿ ಕ್ರೇನನ್ನು ಪುಟ್ಟ ಮಗುವಿನ ಕೈಗೆ ಕೊಡುವುದು ತಪ್ಪು. ಶಾಲೆಯಲ್ಲಿ ಮೇಷ್ಟ್ರ ಕಣ್ಣೆದುರು ಕಟ್ಟುವುದಕ್ಕೆ ಆ ತೊಡಕಿಲ್ಲ, ಮೊದಲು ಅಲ್ಲಿಂದಲೇ ಶುರುವಾಗಲಿ.

ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಮುಖ್ಯೋಪಾಧ್ಯಾಯರು ಕೇಳುತ್ತಾರೆ. ಎಂಟನೇ ತರಗತಿಯಲ್ಲಿ, ಚೀಲವಿಲ್ಲದ ಆ ಹತ್ತು ದಿನಗಳಲ್ಲಿ ಮಾಡಿಸಿ ಎನ್ನಬೇಕಷ್ಟೆ. ಬಿಡದಿಯಲ್ಲಿ 2007ರಿಂದ ಇರುವ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಮಕ್ಕಳನ್ನು ಸೇರಿಸಿಕೊಂಡು ಮೂರು ವರ್ಷ ತಿದ್ದುತ್ತದೆ. ಕೈ ಪಳಗಿಸಿಕೊಂಡು ಅಲ್ಲಿಗೋ ಐಟಿಐಗೋ ಹೋಗುವ ಮಗುವಿಗೆ ಈ ಹತ್ತು ದಿನ ನಷ್ಟವಲ್ಲ. ಪರೀಕ್ಷೆ ಬೇಕೇ ಬೇಕೆಂದರೆ ಇಲಾಖೆಗೆ ಒಂದನ್ನು ಸೂಚಿಸಬಹುದು. ಒಂದು ಬೋಗುಣಿಯಲ್ಲಿ ಒಂದು ಕಿಲೋ ರಾಗಿ, ಒಂದು ಮಾರು ದೂರದಲ್ಲಿ ಖಾಲಿ ಬೋಗುಣಿ, ಕೈಯಲ್ಲಿ ರಿಮೋಟು, ಹತ್ತು ನಿಮಿಷ ಹೊತ್ತು. ಲೆಕ್ಕದ ಪ್ರಕಾರ ನಾಲ್ಕು ಸಲ ಬಾಚಿದರೆ ಮುಗಿಯಬೇಕು. ಆಮೇಲೆ ನೆಲಕ್ಕೆ ಚೆಲ್ಲಿದ ರಾಗಿಯನ್ನು ಗುಡಿಸಿ ತೂಗಿ, ಅಷ್ಟು ಅಂಕ ಕಳೆಯುವುದು.